ಅಪ್ಪ-ಅಮ್ಮ, 6 ವರ್ಷದ ಮಗಳ ಜೊತೆ ಅಂಡಮಾನ್: ಆರೋಗ್ಯ ಮತ್ತು ಕಡಲಿನ ವಿಷಯ ಬಲ್ಲವರು ಹೇಳಿ

ಗಿರಿನಗರ_ಗಿರಾಕಿ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಮೊದಲ ವಾರ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಮಗಳು (6), ಅಪ್ಪ (68), ಅಮ್ಮ (63). ಅಪ್ಪನಿಗೆ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇರುವ ಮಾತ್ರೆ, ರಾತ್ರಿ ಗ್ಲಾರ್ಜಿನ್ ಇನ್ಸುಲಿನ್ ಪೆನ್, ಬಿಪಿಗೆ ಟೆಲ್ಮಿಸಾರ್ಟಾನ್-ಹೈಡ್ರೋಕ್ಲೋರೋಥಯಾಜೈಡ್. ಅಮ್ಮನಿಗೆ ಮಂಡಿ ನೋವು, ಸೊಂಟ ನೋವು.

ಸದ್ಯದ ಪ್ಲಾನ್: 1ನೇ ದಿನ ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ), 2ನೇ ದಿನ ನೀಲ್ ದ್ವೀಪ, 3ರಿಂದ 5 ಹ್ಯಾವ್‌ಲಾಕ್ ದ್ವೀಪ. 6ನೇ ದಿನ ಬೆಳಗ್ಗೆ ಬೇಗ ನಾವಿಬ್ಬರೂ ಸ್ಕೂಬಾ ಮುಗಿಸಿ, ಫೆರಿ ಹಿಡಿದು ಬಂದು ಅವತ್ತೇ ಮಧ್ಯಾಹ್ನದ ವಿಮಾನ.

ಕೇಳಬೇಕಾದ್ದು ಇಷ್ಟು: ಔಷಧಿ ಏನೇನು ಒಯ್ಯಬೇಕು, ಅಪ್ಪನ ವಿಷಯದಲ್ಲಿ ಏನು ಎಚ್ಚರಿಕೆ, ಮಗಳನ್ನು ಯಾವ ಬೀಚಲ್ಲಿ ನೀರಿಗೆ ಬಿಡಬಹುದು, ಮೊಸಳೆ ಇದೆ ಅನ್ನೋದು ನಿಜವಾ. ಟೂರ್ ಏಜೆಂಟ್ ಎಲ್ಲದಕ್ಕೂ "ನೋ ಪ್ರಾಬ್ಲಮ್ ಸಾರ್" ಅಂತಾರೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

---

ಹನ್ನೆರಡು_ಮೀಟರ್

ಮೊದಲು ಆ 6ನೇ ದಿನವನ್ನು ಬದಲಿಸಿ. ಉಳಿದದ್ದು ಆಮೇಲೆ.

ಸ್ಕೂಬಾ ಮಾಡಿದ ದಿನ ವಿಮಾನ ಹತ್ತಬಾರದು. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚುವರಿ ನೈಟ್ರೋಜನ್ ಕರಗಿರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ವಿಮಾನದ ಒಳಗಿನ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ ಇರುವುದರಿಂದ, ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲು, ನರ, ಬೆನ್ನುಹುರಿಯಲ್ಲಿ ಸಿಕ್ಕಿಕೊಳ್ಳಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕು. ಇಡೀ 24 ಗಂಟೆ ಬಿಟ್ಟರೆ ಲೆಕ್ಕ ಹಾಕುವ ತಲೆನೋವೇ ಇಲ್ಲ. ಸ್ನಾರ್ಕೆಲಿಂಗ್‌ಗೆ ಈ ನಿಯಮ ಇಲ್ಲ, ಅಲ್ಲಿ ಉಸಿರಾಡುವುದು ಮೇಲಿನ ಗಾಳಿಯನ್ನೇ.

ಇನ್ನೊಂದು ಕಾರಣವೂ ಇದೆ. ಗಾಳಿ ಎದ್ದರೆ ಫೆರಿ ತಡವಾಗುತ್ತದೆ, ರದ್ದೂ ಆಗುತ್ತದೆ. ದ್ವೀಪದಿಂದ ಬಂದ ದಿನವೇ ವಿಮಾನ ಇಟ್ಟುಕೊಂಡರೆ ಎರಡೂ ಕೈ ತಪ್ಪುವ ಸಂಭವ. ಹೀಗೆ ಮಾಡಿ: 2ನೇ ದಿನವೇ ಹ್ಯಾವ್‌ಲಾಕ್, 3 ಅಥವಾ 4ನೇ ದಿನ ಬೆಳಗ್ಗೆ ಸ್ಕೂಬಾ, 5ಕ್ಕೆ ನೀಲ್, 6ಕ್ಕೆ ವಾಪಸ್ ಬಂದು ಪೋರ್ಟ್ ಬ್ಲೇರ್‌ನಲ್ಲಿ ರಾತ್ರಿ, 7ಕ್ಕೆ ವಿಮಾನ. ಒಂದು ದಿನ ಹೆಚ್ಚಾಗುತ್ತದೆ, ಆಗಲಿ.

ಮೊದಲ ಸಲದವರಿಗೆ ಮಾಡಿಸುವ ಪರಿಚಯದ ಡೈವ್‌ನ ಮಿತಿ 12 ಮೀಟರ್ ಆಳ. ಬುಕ್ ಮಾಡುವಾಗ ಎರಡು ಪ್ರಶ್ನೆ ಕೇಳಿ: ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಜನ ಇಳಿಯುತ್ತಾರೆ, ಮೆಡಿಕಲ್ ಫಾರಂ ತುಂಬಿಸುತ್ತೀರಾ. ಒಬ್ಬರಿಗೊಬ್ಬರು ಅಂದರೆ ಒಳ್ಳೆಯದು. ಫಾರಂ ಬೇಕಾಗಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಗರ್ಭಿಣಿ ಇತ್ಯಾದಿ ಕಾಲಂಗಳಲ್ಲಿ "ಇಲ್ಲ" ಅಂತ ಸುಳ್ಳು ಟಿಕ್ ಹಾಕಬೇಡಿ. ಆಸ್ತಮಾದಲ್ಲಿ ಶ್ವಾಸಕೋಶದ ಒಂದು ಭಾಗದಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ, ಮೇಲೇರುವಾಗ ಅದು ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ನೀರಿನಡಿ ಉಸಿರು ಬಿಗಿಹಿಡಿಯಬಾರದು ಅನ್ನೋದು ಇದೇ ಕಾರಣಕ್ಕೆ.

ಇಳಿಯುವಾಗ ಪ್ರತಿ ಅರ್ಧ-ಒಂದು ಮೀಟರ್‌ಗೆ ಮೂಗು ಒತ್ತಿ ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಿ. ನೋವು ಶುರುವಾಗುವ ಮುಂಚೆಯೇ ಮಾಡಬೇಕು. ನೋವಾದರೆ ಸನ್ನೆ ಮಾಡಿ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಪರದೆ ಹರಿಯುತ್ತದೆ. ನೆಗಡಿ ಇದ್ದರೆ ಅವತ್ತಿನ ಡೈವ್ ಬಿಡಿ. ಮೂಗಿನ ಡ್ರಾಪ್ಸ್ ಹಾಕಿಕೊಂಡು ಇಳಿದರೆ ಅದರ ಪರಿಣಾಮ ನೀರಿನಡಿಯಲ್ಲೇ ಮುಗಿದು, ಮೇಲೆ ಬರುವಾಗ ಕಿವಿಯಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ.

ಅಪ್ಪ ಸ್ನಾರ್ಕೆಲಿಂಗ್ ಮಾಡುವುದಾದರೆ ಸೊಂಟದ ಮಟ್ಟದ ನೀರಲ್ಲಿ, ಲೈಫ್ ಜಾಕೆಟ್ ಹಾಕಿ, ಪಕ್ಕದಲ್ಲಿ ಒಬ್ಬರು ನಿಂತು. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಬೇಡ. ಒಳಗೆ ಉಸಿರಿನ ಗಾಳಿ ಸರಿಯಾಗಿ ಬದಲಾಗದಿರಬಹುದು, ಗಾಬರಿಯಾದಾಗ ತಟ್ಟನೆ ಕಿತ್ತು ತೆಗೆಯುವುದೂ ಕಷ್ಟ. ಮಾಮೂಲಿ ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ನೋಡಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ದಪ್ಪ ಮೀಸೆ ಇದ್ದವರಿಗೆ ಮೂಗಿನ ಕೆಳಗಿಂದ ನೀರು ಸೋರುತ್ತಲೇ ಇರುತ್ತದೆ. ಮೀಸೆಯ ಮೇಲಂಚು ಸ್ವಲ್ಪ ಕತ್ತರಿಸಿದರೆ ಸಾಕು, ಅಪ್ಪ ಒಪ್ಪಿದರೆ.

---

ಮಾತ್ರೆಡಬ್ಬಿ

ಅಪ್ಪನ ವಿಷಯಕ್ಕೆ ಬರ್ತೀನಿ. ಇದು ಸಾಮಾನ್ಯ ಮಾಹಿತಿ. ಡೋಸ್ ಬದಲಿಸುವ ಮಾತು ಬಂದಲ್ಲೆಲ್ಲ ಅವರ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಅಂಡಮಾನ್ ನಮ್ಮ ಗಡಿಯಾರವನ್ನೇ ಬಳಸುತ್ತದೆ, ಆದರೆ ಇರುವುದು ತುಂಬಾ ಪೂರ್ವಕ್ಕೆ. ಅಲ್ಲಿ ಬೇಗ ಬೆಳಕಾಗುತ್ತದೆ, ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲೆ. ಬೆಳಗ್ಗೆ ಬೇಗ ಎದ್ದು, ಫೆರಿಗೆ ಓಡಿ, ತಿಂಡಿ ತಡವಾಗಿ, ಮರಳಲ್ಲಿ ನಡೆದು... ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ಎರಡೂ ಇರುವವರಿಗೆ ಶುಗರ್ ಕೆಳಗಿಳಿಯುವುದು ಇಂಥ ದಿನಗಳಲ್ಲೇ. ಮಾತ್ರೆ ನುಂಗಿ ತಿಂಡಿಗೆ ಕಾಯುವುದು ಬೇಡ, ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ. ಬೆವರು, ನಡುಕ, ಸಿಡಿಮಿಡಿ, ಮಾತು ತೊದಲುವುದು ಕಂಡರೆ ತಕ್ಷಣ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ (ಸುಮಾರು 3 ಟೀ ಚಮಚ) ನೀರಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಯಾದ ಮೇಲೆ ಬಿಸ್ಕತ್ತೋ ಅನ್ನವೋ ಏನಾದರೂ ತಿನ್ನಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಗ್ಲೂಕೋಸ್ ಪುಡಿ ಅಪ್ಪನ ಜೇಬಲ್ಲೇ ಇರಲಿ, ನಿಮ್ಮ ಬ್ಯಾಗಲ್ಲಲ್ಲ.

ಇನ್ಸುಲಿನ್ ಕೈಚೀಲದಲ್ಲೇ ಹೋಗಬೇಕು. ಕೆಳಗೆ ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವ ಗ್ಲಾರ್ಜಿನ್ ಪೆನ್ 30 ಡಿಗ್ರಿ ಒಳಗಿದ್ದರೆ 28 ದಿನ ನಡೆಯುತ್ತದೆ, ತೆರೆಯದ ಪೆನ್‌ಗೆ 2ರಿಂದ 8 ಡಿಗ್ರಿ ಬೇಕು. ನೀರಲ್ಲಿ ನೆನೆಸಿ ತಂಪಾಗಿಸುವ ಚೀಲಗಳನ್ನು ಮಾರುತ್ತಾರೆ. ಅವು ನೀರು ಆವಿಯಾಗುವುದರ ಮೇಲೆ ನಡೆಯುವಂಥವು, ಕಲಬುರಗಿಯ ಒಣ ಬಿಸಿಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಅಂಡಮಾನಿನ ತೇವದ ಗಾಳಿಯಲ್ಲಿ ಅಷ್ಟು ತಂಪಾಗುವುದಿಲ್ಲ. ಸಣ್ಣ ಫ್ಲಾಸ್ಕ್ ಡಬ್ಬಿ, ಒಳಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇದ್ದರೆ ಒಳ್ಳೆಯದು. ಪೆನ್ ನೇರವಾಗಿ ಐಸಿಗೆ ತಾಗಬಾರದು. ಗ್ಲೂಕೋಮೀಟರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ತೇವ ಹೊಕ್ಕರೆ ಅಂಕಿ ತಪ್ಪುತ್ತದೆ.

ಹೊರಡುವ ಮುಂಚೆ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ: ವಾಂತಿ-ಭೇದಿ ಶುರುವಾದರೆ ಯಾವ ಮಾತ್ರೆ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಅಂತ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಹೆಚ್ಚಿಸುವ ಔಷಧಿ, ಟೆಲ್ಮಿಸಾರ್ಟಾನ್ ಕಿಡ್ನಿಯ ಒಳಗಿನ ಒತ್ತಡ ತಗ್ಗಿಸುವಂಥದ್ದು. ದೇಹದಲ್ಲಿ ನೀರೇ ಇಲ್ಲದಾಗ ಈ ಜೋಡಿ ಕಿಡ್ನಿಗೆ ಭಾರ, ಮೆಟ್‌ಫಾರ್ಮಿನ್ನೂ ಆಗ ಅಪಾಯ. ಹಾಗಂತ ಇನ್ಸುಲಿನ್ನನ್ನು ನೀವಾಗಿ ನಿಲ್ಲಿಸಬೇಡಿ. ಮಂಡಿ ನೋವಿನ ಮಾತ್ರೆಯನ್ನು (ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು) ಅಮ್ಮನ ಡಬ್ಬಿಯಿಂದ ಅಪ್ಪನಿಗೆ ಕೊಡುವುದಂತೂ ಬೇಡವೇ ಬೇಡ.

ಪಾದ! ಹೆಚ್ಚಿನವರು ಮರೆಯುವುದು ಇದನ್ನೇ. ಹಳೇ ಶುಗರ್ ಇದ್ದವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರುತ್ತದೆ. ಮಧ್ಯಾಹ್ನದ ಮರಳು ಬೊಬ್ಬೆ ಎಬ್ಬಿಸಿದರೂ, ಹವಳದ ಚೂರು ಕೊರೆದರೂ ಗೊತ್ತಾಗುವುದಿಲ್ಲ. ನೀರಲ್ಲೂ ಮುಚ್ಚಿದ ರಬ್ಬರ್ ಶೂ ಹಾಕಿಸಿ, ಸಂಜೆ ಸಿಹಿನೀರಲ್ಲಿ ತೊಳೆದು ಬೆರಳ ಸಂದು ಒರೆಸಿ, ನೀವೇ ಕಣ್ಣಿಟ್ಟು ನೋಡಿ. ಹವಳದ ಗಾಯ ಚಿಕ್ಕದಾದರೂ ಸಲೀಸಾಗಿ ಮಾಯುವುದಿಲ್ಲ, ಹವಳದ ಪುಡಿ ಒಳಗೇ ಉಳಿಯುತ್ತದೆ. ಶುದ್ಧ ನೀರು ಧಾರಾಳವಾಗಿ ಹರಿಸಿ ಸೋಪಿನಿಂದ ಉಜ್ಜಿ ತೊಳೆದು, ಪೋವಿಡೋನ್ ಅಯೋಡಿನ್ ಹಚ್ಚಿ. ಸುತ್ತ ಕೆಂಪು ಹರಡಿದರೆ, ನೋವು ಗಾಯಕ್ಕಿಂತ ದೊಡ್ಡದಾಗಿದ್ದರೆ ಅವತ್ತೇ ಡಾಕ್ಟರ್. ಉಪ್ಪುನೀರಿನ ಕೆಲವು ಬ್ಯಾಕ್ಟೀರಿಯಾ ಶುಗರ್ ಇದ್ದವರಲ್ಲಿ ಗಂಟೆಗಳ ಲೆಕ್ಕದಲ್ಲಿ ಹರಡುತ್ತವೆ. ಟೆಟನಸ್ ಚುಚ್ಚುಮದ್ದು 10 ವರ್ಷದೊಳಗೆ ಆಗಿದೆಯಾ ಅಂತ ಎಲ್ಲರದ್ದೂ ನೋಡಿಕೊಳ್ಳಿ.

ಫೆರಿಯ ವಾಂತಿಗೆ: ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಪೂರಿಯೂ ಬೇಡ, ಎರಡು ಇಡ್ಲಿ ಸಾಕು. ಹಡಗಿನ ನಡುಭಾಗದ ಕೆಳಗಿನ ಸೀಟು, ಅಲ್ಲಿ ಓಲಾಟ ಕಡಿಮೆ. ಫೋನ್ ನೋಡದೆ ದೂರದ ದಿಗಂತ ನೋಡಬೇಕು. ಪ್ರೊಮೆಥಜಿನ್ (ಅವೊಮಿನ್) 25 ಮಿ.ಗ್ರಾಂ ಹೊರಡುವ 1-2 ಗಂಟೆ ಮೊದಲು ತಗೊಂಡರೆ ಮಾತ್ರ ಉಪಯೋಗ, ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಇದು ನಿದ್ದೆ ಬರಿಸುತ್ತದೆ. ಅಪ್ಪನಿಗೆ ಪ್ರಾಸ್ಟೇಟ್ ತೊಂದರೆ ಇದ್ದರೆ ಕೊಡಬೇಡಿ, ಮೂತ್ರ ಕಟ್ಟಿಕೊಳ್ಳಬಹುದು. ಗ್ಲಾಕೋಮಾ ಇದ್ದರೂ ಬೇಡ. ಮಗಳ ಡೋಸನ್ನು ತೂಕ ನೋಡಿ ಮಕ್ಕಳ ಡಾಕ್ಟರೇ ಹೇಳಲಿ.

---

ತೆಂಗಿನತೋಟ

ಮೇಲಿನವರು ಎಲ್ಲಾ ಹೇಳಿದ್ದಾರೆ. ನಂದೆರಡು ಮಾತು. ಓಆರ್‌ಎಸ್ ಪೊಟ್ಟಣ ಹೊರೋ ಅಗತ್ಯ ಇಲ್ಲ, ಅಲ್ಲಿ ಎಳನೀರು ಹೆಜ್ಜೆಹೆಜ್ಜೆಗೂ ಸಿಗುತ್ತೆ. ಜೆಲ್ಲಿ ಮೀನು ತಾಗಿದರೆ ವಿನಿಗರ್ ಸುರಿದರೆ ಆಯ್ತು, ಚಿಕ್ಕ ಬಾಟಲಿ ಒಯ್ಯಿರಿ.

---

ಕಾಂಡ್ಲಾಕಾಡು

ತೆಂಗಿನತೋಟದವರೇ, ಎರಡಕ್ಕೂ ಸ್ವಲ್ಪ ತಿದ್ದುಪಡಿ ಬೇಕು.

ಎಳನೀರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬಾಯಾರಿಕೆಗೆ ಚೆನ್ನ. ಭೇದಿಯಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅದನ್ನು ಎಳನೀರು ತುಂಬುವುದಿಲ್ಲ. ಟೆಲ್ಮಿಸಾರ್ಟಾನ್ ತಗೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಮೇಲಿರಬಹುದು, ಆದ್ದರಿಂದ ಅಪ್ಪನಿಗೆ ದಿನಕ್ಕೆ ನಾಲ್ಕೈದು ಎಳನೀರು ಕುಡಿಸಬೇಡಿ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಸರಿಯಾಗಿ 1 ಲೀಟರ್ ನೀರಿಗೆ, ಚಿಕ್ಕದನ್ನು 200 ಮಿ.ಲೀ.ಗೆ ಪೂರ್ತಿ ಹಾಕಬೇಕು. ಅರ್ಧ ಗ್ಲಾಸಿಗೆ ಗಟ್ಟಿಯಾಗಿ ಕದಡಿ ಕೊಟ್ಟರೆ ಮಗುವಿಗೆ ಭೇದಿ ಹೆಚ್ಚುತ್ತದೆ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ ಸಮತಟ್ಟು 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಣ್ಣದ ಟೆಟ್ರಾ ಪ್ಯಾಕ್ ಪಾನೀಯಗಳು ಓಆರ್‌ಎಸ್ ಅಲ್ಲ.

ವಿನಿಗರ್ ಬಾಕ್ಸ್ ಜೆಲ್ಲಿ ಅನ್ನುವ ಜಾತಿಗೆ ಉಪಯೋಗ, ಇನ್ನೂ ಸಿಡಿಯದ ಚುಚ್ಚುಕೋಶಗಳು ಸಿಡಿಯದಂತೆ ತಡೆಯುತ್ತದೆ. ನೀಲಿ ಗುಳ್ಳೆಯ ಹಾಗೆ ತೇಲುವ ಇನ್ನೊಂದು ಜಾತಿಗೆ ಅದನ್ನು ಹಾಕಬಾರದು ಅಂತ ಆಸ್ಟ್ರೇಲಿಯಾದವರ ಮಾರ್ಗಸೂಚಿ. ತಾಗಿದ್ದು ಯಾವುದು ಅಂತ ನೋಡಿದವರು ಕಡಿಮೆ. ಹಾಗಾಗಿ ಯಾವುದಕ್ಕೂ ನಡೆಯುವ ಕ್ರಮ ಇದು: ನೀರಿಂದ ಹೊರಗೆ ಬನ್ನಿ, ಅಂಟಿದ ಎಳೆಗಳನ್ನು ಚಿಮಟದಲ್ಲಿ ತೆಗೆಯಿರಿ, ಕಡಲ ನೀರಲ್ಲೇ ತೊಳೆಯಿರಿ. ಸಿಹಿನೀರು, ಮರಳಿನ ಉಜ್ಜಾಟ, ಮೂತ್ರ ಇವ್ಯಾವುವೂ ಬೇಡ. ಆಮೇಲೆ ಸುಮಾರು 45 ಡಿಗ್ರಿ ಬಿಸಿನೀರಲ್ಲಿ 20 ನಿಮಿಷ ಅದ್ದಿಡಿ. ಬಿಸಿಯನ್ನು ತಾಗದ ಕೈಯಿಂದ, ಅದೂ ದೊಡ್ಡವರು ಪರೀಕ್ಷಿಸಬೇಕು, ನೋವಿನಲ್ಲಿ ಸುಡುವುದು ಗೊತ್ತಾಗುವುದಿಲ್ಲ. ಕಲ್ಲುಮೀನು, ತೊರಕೆ ಮೀನಿನ ಮುಳ್ಳಿಗೂ ಬಿಸಿನೀರೇ, 30ರಿಂದ 90 ನಿಮಿಷ. ಉಸಿರಾಟಕ್ಕೆ ತೊಂದರೆ, ಎದೆನೋವು, ಅಥವಾ ಅಂಗೈಗಿಂತ ದೊಡ್ಡ ಜಾಗದಲ್ಲಿ ಬರೆ ಎದ್ದಿದ್ದರೆ ಮನೆಮದ್ದಿಗೆ ನಿಲ್ಲಬೇಡಿ.

ಈಗ ಮೊಸಳೆ. ಹೌದು, ಇದೆ. ಉಪ್ಪುನೀರಿನ ಮೊಸಳೆ, ಕಾಂಡ್ಲಾ (ಮ್ಯಾಂಗ್ರೋವ್) ಇರುವ ಹಳ್ಳಗಳೇ ಅದರ ಮನೆ, ಕಡಲಲ್ಲೂ ಈಜಿಕೊಂಡು ಹೋಗುತ್ತದೆ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಪಕ್ಕದ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಆ ತಿಳಿನೀರಿನ ಕೊಳ ನೋಡಲು ಈಜುಕೊಳದಷ್ಟು ಚೆಂದ, ನೋಡಿ ಬನ್ನಿ, ಇಳಿಯಬೇಡಿ. ಪೋರ್ಟ್ ಬ್ಲೇರ್ ಕಡೆಯ ವಂಡೂರು, ಕಾರ್ಬಿನ್ಸ್ ಕೋವ್‌ ಬೀಚ್‌ಗಳಲ್ಲಿ ಇಳಿಯುವುದಾದರೆ ಬಲೆ ಕಟ್ಟಿದ ಜಾಗದ ಒಳಗೆ ಮಾತ್ರ. ಎಲ್ಲೇ ಆಗಲಿ ಹಳ್ಳ ಬಂದು ಕಡಲು ಸೇರುವ ಬಾಯಿ, ಮುಂಜಾವು, ಮುಸ್ಸಂಜೆ, ಈ ಮೂರನ್ನೂ ಬಿಟ್ಟುಬಿಡಿ. ಹಾಗಂತ ಅಂಕಿ ತೆಗೆದು ನೋಡಿದರೆ ಮನುಷ್ಯರಿಗೆ ದೊಡ್ಡ ಅಪಾಯ ಮೊಸಳೆಯಲ್ಲ, ಸೆಳೆತ.

ಅಲೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಾಗಿ, ನೊರೆ ಕಡಲ ಕಡೆಗೇ ಹೋಗುತ್ತಿದ್ದರೆ ಅದೇ ಸೆಳೆತದ ದಾರಿ. ನೋಡುವವರಿಗೆ ಶಾಂತವಾದ ಜಾಗ ಅನ್ನಿಸುತ್ತದೆ, ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಸಿಕ್ಕಿಕೊಂಡರೆ ದಡದತ್ತ ಎದುರೀಜಬೇಡಿ, ಸುಸ್ತಾಗಿಯೇ ಮುಳುಗುವುದು. ತೇಲಿಕೊಂಡು ಕೈ ಎತ್ತಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಜಾಗ ಸಿಕ್ಕ ಮೇಲೆ ದಡಕ್ಕೆ ತಿರುಗಿ. ರಾಧಾನಗರದಲ್ಲಿ ಲೈಫ್‌ಗಾರ್ಡ್ ಇರುವ ಹೊತ್ತಲ್ಲಿ, ಅವರ ಕಣ್ಣಳತೆಯಲ್ಲಿ ಮಗಳನ್ನು ಬಿಡಿ, ನೀವು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನೀಲ್‌ನ ಭರತ್‌ಪುರದಲ್ಲಿ ಇಳಿತದ ಹೊತ್ತಿಗೆ ದೂರದವರೆಗೂ ಮೊಣಕಾಲುದ್ದ ನೀರು. ಮಗುವಿಗೆ ಅದು ಒಳ್ಳೆಯದೇ, ಆದರೆ ಬೋಟ್‌ಗಳು ಓಡಾಡುವ ಪಟ್ಟಿಯಿಂದ ಆಚೆ ಇರಿ. ಉಬ್ಬರ-ಇಳಿತದ ಸಮಯ ಹೋಟೆಲಿನಲ್ಲಿ ಕೇಳಿಕೊಳ್ಳಿ. ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ನೀಲ್‌ನ ಕಲ್ಲು ಸೇತುವೆಗೆ ಇಳಿತದಲ್ಲೇ ಹೋಗಬೇಕು, ಆ ದಾರಿ ಪಾಚಿ ಕಟ್ಟಿದ ಹವಳಗಲ್ಲು. ಅಮ್ಮನ ಮಂಡಿಗೆ ಬೇಡ.

ಮಗಳ ಲೈಫ್ ಜಾಕೆಟ್ ಕೊಟ್ಟಾಗ ಬಕಲ್ ಹಾಕಿ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಕಿವಿಯವರೆಗೂ ಏರಿದರೆ ದೊಡ್ಡದು, ನೀರಲ್ಲಿ ಮಗು ಕೆಳಗೆ ಜಾರುತ್ತದೆ. ತೊಡೆ ನಡುವೆ ಪಟ್ಟಿ ಇರುವುದನ್ನೇ ಕೇಳಿ. ಎಲಿಫೆಂಟ್ ಬೀಚಿಗೆ ಸ್ಪೀಡ್ ಬೋಟ್‌ನಲ್ಲಿ ಹೋದರೆ ಅಮ್ಮ ಹಿಂದಿನ ಸೀಟಲ್ಲೇ ಕೂರಲಿ. ಮುಂಭಾಗ ಅಲೆಗೆ ಎದ್ದು ಬೀಳುವಾಗ ಬೆನ್ನುಮೂಳೆ ಕುಸಿದ ಪ್ರಕರಣಗಳು ಬೋಟಿನವರಿಗೆಲ್ಲ ಗೊತ್ತಿರುವ ವಿಷಯ. ಮೂಳೆ ಸವೆತ ಇದ್ದರೆ ಅದೂ ಬೇಡ.

ಶಂಖ, ಹವಳ ಆರಿಸಬೇಡಿ ಅಂತ ಮಗಳಿಗೆ ಮೊದಲೇ ಹೇಳಿಡಿ. ಕೋನ್ ಆಕಾರದ ಜೀವಂತ ಶಂಖ ವಿಷದ ಮುಳ್ಳು ಚುಚ್ಚುತ್ತದೆ. ಸತ್ತ ಹವಳವನ್ನೂ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆಸುತ್ತಾರೆ.

---

ಗಿರಿನಗರ_ಗಿರಾಕಿ

ಹನ್ನೆರಡು_ಮೀಟರ್ ಅವರೇ, ವಿಮಾನ 7ನೇ ದಿನಕ್ಕೆ ಬದಲಾಯಿಸಿದೆ. ಎಲ್ಲರಿಗೂ ಧನ್ಯವಾದ. ಇನ್ನು ಮೂರು ಪ್ರಶ್ನೆ: ಸೊಳ್ಳೆ-ಮರಳುನೊಣಕ್ಕೆ ಏನು? ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಏನು ಗತಿ? ಏಜೆಂಟ್ 6ನೇ ದಿನ ಬಾರಾಟಾಂಗ್ ಗುಹೆ ಸೇರಿಸಿ ಅಂತಿದ್ದಾರೆ, ಸೇರಿಸಬಹುದಾ?

---

ಮಾತ್ರೆಡಬ್ಬಿ

ಮರಳುನೊಣ ಹಾರುವುದು ನೆಲದ ಹತ್ತಿರ, ಬೆಳಗ್ಗೆ-ಸಂಜೆ, ಗಾಳಿ ಇಲ್ಲದಾಗ. ಒದ್ದೆ ಮರಳ ಮೇಲೆ ಟವೆಲ್ ಹಾಸಿ ಮಲಗುವುದೇ ಮೈಯೊಡ್ಡಿದ ಹಾಗೆ. ಕಾಲು ಮುಚ್ಚುವ ತೆಳು ಪ್ಯಾಂಟ್ ಹಾಕಿ. 20% ಡೀಟ್ ಅಥವಾ ಪಿಕಾರಿಡಿನ್ ಇರುವ ಲೋಷನ್ನನ್ನು ಮೊದಲು ಸನ್‌ಸ್ಕ್ರೀನ್ ಹಚ್ಚಿ ಒಣಗಿದ ಮೇಲೆ ಹಚ್ಚಿ. ಮಗಳ ಅಂಗೈಗೆ ಹಚ್ಚಬೇಡಿ, ಕಣ್ಣಿಗೆ ಬಾಯಿಗೆ ಹೋಗುತ್ತದೆ. ಕಚ್ಚಿದ್ದನ್ನು ಕೆರೆದರೆ ಕೀವಾಗುತ್ತದೆ, ಉಗುರು ಕತ್ತರಿಸಿಯೇ ಕರೆದೊಯ್ಯಿರಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಮೇಲಿನದು, ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಬೇಕು, 2 ಗಂಟೆಗೊಮ್ಮೆ ಮತ್ತೆ. ಇಷ್ಟು ಯಾರೂ ಹಚ್ಚುವುದಿಲ್ಲ, ಹಾಗಾಗಿ ಪೂರ್ತಿ ತೋಳಿನ ಈಜುಡುಪು ಉತ್ತಮ.

ಅಂಡಮಾನ್‌ನಲ್ಲಿ ಡೆಂಗಿ, ಮಲೇರಿಯಾ ಜೊತೆ ಇಲಿ ಜ್ವರವೂ ಇದೆ. ಹಿಂದೆ "ಅಂಡಮಾನ್ ರಕ್ತಸ್ರಾವ ಜ್ವರ" ಅಂತ ಕರೆಯುತ್ತಿದ್ದದ್ದು ಇಲಿ ಜ್ವರವೇ ಅಂತ ಆಮೇಲೆ ಪತ್ತೆಯಾಯಿತು. ಮಳೆನೀರು ನಿಂತ ಕಡೆ ಬರಿಗಾಲಲ್ಲಿ ನಡೆಯಬೇಡಿ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ. ಊರಿಗೆ ಬಂದ ಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೂ ಡಾಕ್ಟರಿಗೆ "ಅಂಡಮಾನ್‌ಗೆ ಹೋಗಿದ್ದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ, ಪರೀಕ್ಷೆಗಳ ಪಟ್ಟಿಯೇ ಬದಲಾಗುತ್ತದೆ.

---

ಕಾಂಡ್ಲಾಕಾಡು

ಹ್ಯಾವ್‌ಲಾಕ್, ನೀಲ್ ಎರಡರಲ್ಲೂ ಸರಕಾರಿ ಆರೋಗ್ಯ ಕೇಂದ್ರ ಇದೆ, ಪ್ರಥಮ ಚಿಕಿತ್ಸೆ ಸಿಗುತ್ತದೆ. ಹೃದಯ, ಪಾರ್ಶ್ವವಾಯು, ದೊಡ್ಡ ಗಾಯ ಇಂಥವಕ್ಕೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಬರಬೇಕು, ನಡುವೆ ಗಂಟೆಗಟ್ಟಲೆ ಕಡಲು. ಪ್ರವಾಸಿ ಫೆರಿಗಳು ಓಡುವುದು ಹಗಲಲ್ಲಿ. ಇದರ ಅರ್ಥ ಇಷ್ಟೇ: ಬೆಂಗಳೂರಲ್ಲಾದರೆ "ರಾತ್ರಿ ಕಳೀಲಿ, ಬೆಳಗ್ಗೆ ನೋಡೋಣ" ಅನ್ನುವ ಲಕ್ಷಣಕ್ಕೆ ಇಲ್ಲಿ ಮಧ್ಯಾಹ್ನವೇ ತೀರ್ಮಾನ ಮಾಡಬೇಕು. ಬೆಳಗ್ಗೆಯೇ ಅಪ್ಪನಿಗೆ ಎದೆ ಬಿಗಿತ, ಹೊಸ ಏದುಸಿರು ಇದ್ದರೆ ಅವತ್ತಿನ ಸುತ್ತಾಟ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ. ಮುಂದೆ ಕಳಿಸಬೇಕೋ ಬೇಡವೋ ಅವರು ಹೇಳಲಿ. ತುರ್ತಿಗೆ 112, ಕಡಲಲ್ಲಿ ಅವಘಡವಾದರೆ ಕೋಸ್ಟ್ ಗಾರ್ಡ್ 1554. ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ಮಾತ್ರೆಗಳ ಜೆನೆರಿಕ್ ಹೆಸರು-ಡೋಸ್, ಹಳೇ ಇಸಿಜಿ ಕಾಗದದ ಮೇಲೆ ಇರಲಿ. ಔಷಧಿ ಲೆಕ್ಕಕ್ಕಿಂತ ಒಂದು ವಾರ ಹೆಚ್ಚಿಗೆ ಒಯ್ಯಿರಿ, ಎರಡು ಬ್ಯಾಗಲ್ಲಿ ಹಂಚಿ.

ಇನ್ನೊಂದು, 2004ರ ಡಿಸೆಂಬರ್ 26ರ ಸುನಾಮಿ ಮರೆಯುವಂತಿಲ್ಲ. ನೆಲ 20 ಸೆಕೆಂಡಿಗಿಂತ ಹೆಚ್ಚು ನಡುಗಿದರೆ, ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸೈರನ್ನಿಗೆ ಕಾಯದೆ ಎತ್ತರಕ್ಕೆ ಹೋಗಿ. ಮೊದಲ ಅಲೆ ಇಳಿದ ಮೇಲೂ ಕೆಳಗೆ ಬರಬೇಡಿ. ಹೋಟೆಲಿಗೆ ಹೋದ ದಿನವೇ ಎತ್ತರದ ದಾರಿ ಯಾವುದು ಅಂತ ಕೇಳಿಟ್ಟುಕೊಳ್ಳಿ.

ಬಾರಾಟಾಂಗ್ ಈ ಸಲ ಬಿಡಿ. ಕತ್ತಲಿರುವಾಗಲೇ ಎದ್ದು ಜಿರ್ಕಟಾಂಗ್ ಚೆಕ್‌ಪೋಸ್ಟಲ್ಲಿ ಕಾನ್ವಾಯ್‌ಗೆ (ಗಾಡಿಗಳನ್ನು ಒಟ್ಟಿಗೆ ಸಾಲಾಗಿ ಬಿಡುವುದು) ಸಾಲು ನಿಲ್ಲಬೇಕು. ಆಮೇಲೆ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಕಾಡುದಾರಿ, ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಜಾರವಾ ಜನರಿಗೆ ನಮ್ಮ ನೆಗಡಿ, ದಡಾರಗಳೇ ಪ್ರಾಣಾಂತಿಕ, 1999ರಲ್ಲಿ ಅವರಲ್ಲಿ ದಡಾರ ಹರಡಿತ್ತು. ದಾಟಿದ ಮೇಲೆ ಹಡಗು, ಸ್ಪೀಡ್ ಬೋಟ್, ಗುಹೆಗೆ ಒಂದೂವರೆ ಕಿಲೋಮೀಟರ್ ಆಸುಪಾಸಿನ ನಡಿಗೆ, ಬಂದ ದಾರಿಯಲ್ಲೇ ವಾಪಸ್. ಅಮ್ಮನ ಸೊಂಟಕ್ಕೂ ಮಂಡಿಗೂ ಒಟ್ಟಿಗೇ ಪೆಟ್ಟು. ಹೋಗಲೇಬೇಕೆಂದರೆ ಅಪ್ಪನ ಬಿಪಿ ಮಾತ್ರೆಯನ್ನು ಅವತ್ತು ಯಾವ ಹೊತ್ತಿಗೆ ಕೊಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ಅದರಲ್ಲಿರುವ ಮೂತ್ರದ ಔಷಧಿ ಕೆಲಸ ಶುರುಮಾಡುವ ಹೊತ್ತಿಗೆ ಗಾಡಿ ಕಾನ್ವಾಯ್‌ನ ನಡುವೆ ಇರುತ್ತದೆ.